ನಿರುದ್ಯೋಗ ಭತ್ಯೆಯ ಕಡಿತವನ್ನು ವಿರೋಧಿಸುವುದು ಬರೀ ವೋಟಿಗಾಗಿಯೇ?

ಪ್ರಶ್ನೆ: ನಾನು ಅರ್ಥಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿ. ನಮ್ಮ ಚರ್ಚಾಸ್ಪರ್ಧೆಗೆ ಕೊಟ್ಟಿರುವ ವಿಷಯ ಇದು: ‘ಖಜಾನೆ ಬರಿದಾದಾಗ ನಿರುದ್ಯೋಗ ಭತ್ಯೆಗೂ ಸಾಮಾಜಿಕ ವೆಚ್ಚಕ್ಕೂ ಕತ್ತರಿ ಹಾಕುವುದು ಸರಿ.’ ನನಗೆ ವಿರೋಧಿಸುವ ಕಡೆ ಸಿಕ್ಕಿದೆ. ಆದರೆ ನನಗೇ ಅದರಲ್ಲಿ ನಂಬಿಕೆ ಇಲ್ಲ. ಪಕ್ಷಗಳು ಇಂಥ ಕಡಿತವನ್ನು ವಿರೋಧಿಸುವುದು ವೋಟಿಗಾಗಿ ಅಲ್ವಾ? ಸುಮ್ನೆ ಕೂತವರಿಗೆ ದುಡ್ಡು ಕೊಟ್ಟರೆ ಅವರು ಕೆಲಸ ಹುಡುಕುತ್ತಾರಾ? ದುಡ್ಡೇ ಇಲ್ಲದಾಗ ಸರ್ಕಾರ ಬೇರೆ ಏನು ಮಾಡಬೇಕು?

ಉತ್ತರ: ನಂಬಿಕೆ ಇಲ್ಲ ಅಂತ ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಅದು ನನಗೆ ಹಿಡಿಸಿತು. ನಿಮ್ಮನ್ನು ನಂಬಿಸಿಯೇ ತೀರುತ್ತೇನೆ ಅಂತ ನಾನು ಹಟ ಹಿಡಿಯುವುದಿಲ್ಲ. ಆದರೆ ನನಗೆ ಒಂದು ನಿಲುವು ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಡಿತಗಳಿಗೆ ವಿರೋಧ ಬೇಕು. ನನ್ನ ದೂರು ಬೇರೆ: ಆ ವಿರೋಧ ಬಹಳ ಸಲ ತಪ್ಪು ಜಾಗದಲ್ಲಿ ಬರುತ್ತದೆ. ಸದ್ದು ಮಾಡುವ ಕಡಿತಕ್ಕೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಸದ್ದಿಲ್ಲದೆ ಆಗುವ ಕಡಿತ ಹೆಚ್ಚಿನವರ ಕಣ್ಣಿಗೇ ಬೀಳುವುದಿಲ್ಲ. ನನ್ನ ಲೆಕ್ಕದಲ್ಲಿ ಜನರಿಗೆ ಜಾಸ್ತಿ ಪೆಟ್ಟು ಕೊಟ್ಟಿರುವುದು ಈ ಎರಡನೆಯದೇ.

ಮೊದಲು ವೋಟಿನ ಮಾತು. ಅದಕ್ಕೆ 1931ರ ಬ್ರಿಟನ್ನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಗ ಅಲ್ಲಿ ಲೇಬರ್ ಪಕ್ಷದ ಸರ್ಕಾರ. ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್. ಕೆಲಸ ಇಲ್ಲದವರ ಸಂಖ್ಯೆ 25 ಲಕ್ಷ ದಾಟಿತ್ತು. ಪೌಂಡ್ ಬೀಳುತ್ತದೆ ಎಂಬ ಭಯಕ್ಕೆ ಲಂಡನ್ನಿನಿಂದ ಚಿನ್ನ ಹೊರಗೆ ಹೋಗುತ್ತಿತ್ತು. ಜುಲೈ ಕೊನೆಯಲ್ಲಿ ಸರ್ಕಾರವೇ ನೇಮಿಸಿದ್ದ ಸಮಿತಿಯೊಂದು ವರದಿ ಕೊಟ್ಟಿತು. ನಿರುದ್ಯೋಗ ಭತ್ಯೆಯನ್ನು ಶೇ. 20ರಷ್ಟು ಇಳಿಸಿ ಎಂದಿತು. ಸಾಲ ಕೊಡಬೇಕಿದ್ದ ಬ್ಯಾಂಕುಗಳೂ ಖರ್ಚು ಇಳಿಯುವುದನ್ನು ನೋಡಲು ಕಾದಿದ್ದವು. ಆಗಸ್ಟ್ 23ರಂದು ಸಂಪುಟದಲ್ಲಿ ಶೇ. 10ರ ಕಡಿತದ ಮಾತು ಬಂತು. 11 ಮಂದಿ ಒಪ್ಪಿದರು, 9 ಮಂದಿ ಒಪ್ಪಲಿಲ್ಲ. ಮಾರನೆಯ ದಿನ ಸರ್ಕಾರ ಬಿತ್ತು. ಮ್ಯಾಕ್‌ಡೊನಾಲ್ಡ್ ಎದುರು ಪಕ್ಷಗಳ ಜೊತೆ ಸೇರಿ ಹೊಸ ಸರ್ಕಾರ ಮಾಡಿದರು. ಅವರ ಪಕ್ಷ ಅವರನ್ನೇ ಹೊರಗೆ ಹಾಕಿತು. ಕಡಿತ ಬೇಡ ಎಂದವರ ಮುಂದಾಳು ಆರ್ಥರ್ ಹೆಂಡರ್ಸನ್.

ಎರಡು ತಿಂಗಳಲ್ಲಿ ಚುನಾವಣೆ ಬಂತು. ಕಡಿತ ವಿರೋಧಿಸಿದವರಿಗೆ ವೋಟು ಸುರಿಯಿತಾ? ಇಲ್ಲ. 1929ರಲ್ಲಿ 287 ಸ್ಥಾನ ಗೆದ್ದಿದ್ದ ಲೇಬರ್ 52ಕ್ಕೆ ಕುಸಿಯಿತು. ಹೆಂಡರ್ಸನ್ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತರು.

ಇನ್ನೂ ಒಂದು ವಿಷಯ ಇದೆ. ಅಷ್ಟೆಲ್ಲ ಮಾಡಿದ್ದು ಪೌಂಡನ್ನು ಚಿನ್ನದ ದರಕ್ಕೆ ಕಟ್ಟಿ ಉಳಿಸಿಕೊಳ್ಳಲು. ಸರ್ಕಾರ ಬಿದ್ದು ಒಂದು ತಿಂಗಳು ಕೂಡ ಆಗಿರಲಿಲ್ಲ, ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನದ ಗಂಟನ್ನೇ ಬಿಚ್ಚಿಹಾಕಿತು. ಕಡಿತಕ್ಕೆ ಕೊಟ್ಟ ಕಾರಣ ಹೋಯಿತು, ಕಡಿತ ಮಾತ್ರ ಉಳಿಯಿತು. ವಾರಕ್ಕೆ 17 ಶಿಲ್ಲಿಂಗ್ ಸಿಗುತ್ತಿದ್ದ ಗಂಡಸಿಗೆ 15 ಶಿಲ್ಲಿಂಗ್ 3 ಪೆನ್ಸ್ (ಆಗ ಒಂದು ಶಿಲ್ಲಿಂಗ್‌ಗೆ 12 ಪೆನ್ಸ್) ಸಿಗತೊಡಗಿತು. ಅದು ಮೊದಲಿನಂತಾಗಲು 1934 ಬರಬೇಕಾಯಿತು.

ಹಾಗಂತ ವೋಟಿನ ಲೆಕ್ಕ ಇರುವುದೇ ಇಲ್ಲ ಅಂತಲ್ಲ. ಇರುತ್ತದೆ, ರಾಜಕೀಯದಲ್ಲಿ ಯಾವುದಕ್ಕೆ ಇರುವುದಿಲ್ಲ? ಆದರೆ ಕೆಲಸ ಕಳೆದುಕೊಂಡವರನ್ನು ‘ವೋಟ್ ಬ್ಯಾಂಕ್’ ಅಂತ ಕರೆಯುವುದು ತಪ್ಪು. ಪಿಂಚಣಿದಾರರು ಕೊನೆಯವರೆಗೂ ಪಿಂಚಣಿದಾರರಾಗಿಯೇ ಇರುತ್ತಾರೆ. ನಿಯಮಿತವಾಗಿ ವೋಟು ಹಾಕುತ್ತಾರೆ, ಸಂಘ ಕಟ್ಟುತ್ತಾರೆ. ನಿರುದ್ಯೋಗಿ ಹಾಗಲ್ಲ. ಇವತ್ತು ಕೆಲಸ ಇಲ್ಲ, ಆರು ತಿಂಗಳಲ್ಲಿ ಸಿಗುತ್ತದೆ. ಸಿಕ್ಕ ಮೇಲೆ ಆ ದಿನಗಳನ್ನು ಮರೆಯಬೇಕು ಅನ್ನಿಸುತ್ತದೆಯೇ ಹೊರತು, ಅದರ ಹೆಸರಲ್ಲಿ ಸಂಘ ಕಟ್ಟಬೇಕು ಅನ್ನಿಸುವುದಿಲ್ಲ. ಓದು ಮುಗಿಸಿದ ಹೊಸದರಲ್ಲಿ ನಾನೂ ಏಳು ತಿಂಗಳು ಕೆಲಸವಿಲ್ಲದೆ ಇದ್ದೆ. ಆ ಏಳು ತಿಂಗಳಲ್ಲಿ ನಾನು ಯಾವ ಸಭೆಗೂ ಹೋಗಲಿಲ್ಲ. ಪರಿಚಿತರು ಎದುರಾದರೆ ಸಾಕು, ದಾರಿ ಬದಲಿಸುತ್ತಿದ್ದೆ. ನಾಚಿಕೆಯಿಂದ ಮನೆಯಲ್ಲಿ ಕೂತವರು ಸರ್ಕಾರವನ್ನು ಹೆದರಿಸಲಾರರು. ಇದೇ ಕಾರಣಕ್ಕೆ ಕತ್ತರಿ ಹಿಡಿದ ಹಣಕಾಸು ಮಂತ್ರಿಗಳು ಪಿಂಚಣಿಗಿಂತ ಮೊದಲು ಈ ಭತ್ಯೆಯ ಕಡೆ ನೋಡುತ್ತಾರೆ.

ಹಾಗಾದರೆ ವಿರೋಧ ಎಲ್ಲಿಂದ ಬರುತ್ತದೆ? ಬಹುಪಾಲು ಕೆಲಸದಲ್ಲಿ ಇರುವವರಿಂದ. ಇದು ನಿಮ್ಮ ಚರ್ಚೆಗೆ ಬಹಳ ಮುಖ್ಯ.

ನಿರುದ್ಯೋಗ ಭತ್ಯೆ ಬಹಳ ದೇಶಗಳಲ್ಲಿ ವಿಮೆ. 1911ರ ಬ್ರಿಟಿಷ್ ಕಾನೂನಿನಲ್ಲೇ ಕಾರ್ಮಿಕನಿಂದ ವಾರಕ್ಕೆ ಎರಡೂವರೆ ಪೆನ್ನಿ ಹಿಡಿಯುತ್ತಿದ್ದರು. ಮಾಲೀಕನದೂ ಅಷ್ಟೇ. ಅದಕ್ಕೆ ಸರ್ಕಾರ ತನ್ನ ಪಾಲು ಸೇರಿಸುತ್ತಿತ್ತು. ಕೆಲಸ ಹೋದರೆ ವಾರಕ್ಕೆ 7 ಶಿಲ್ಲಿಂಗ್, ಹೆಚ್ಚೆಂದರೆ 15 ವಾರ. ಹತ್ತು ವರ್ಷ ವಂತಿಗೆ ಕಟ್ಟಿದವನಿಗೆ, ಕೆಲಸ ಹೋದ ದಿನ ‘ನಿಯಮ ಬದಲಾಗಿದೆ’ ಅಂದರೆ ಹೇಗಿರುತ್ತದೆ ಯೋಚಿಸಿ. ಮನೆಗೆ ಬೆಂಕಿ ಬಿದ್ದ ಮೇಲೆ ವಿಮೆ ಕಂಪನಿ ಹೊಸ ಷರತ್ತು ಬರೆದ ಹಾಗೆ.

ಎರಡನೆಯದು ಸಂಬಳ. ಕೆಲಸ ಹೋದರೆ ನಾಳೆಯೇ ಒಲೆ ಆರುತ್ತದೆ ಅನ್ನುವವನು ಮಾಲೀಕ ಹೇಳಿದ ಕೂಲಿಗೆ ಒಪ್ಪಲೇಬೇಕು. ಕೆಲವು ತಿಂಗಳ ಆಸರೆ ಇದೆ ಅನ್ನುವವನು ‘ಇದು ಸಾಲದು’ ಅನ್ನಬಲ್ಲ. ಇದು ಒಬ್ಬನ ಮಾತಲ್ಲ. ಅವನ ಪಕ್ಕದಲ್ಲಿ ಕೆಲಸ ಮಾಡುವ ಎಲ್ಲರ ಕೂಲಿಯೂ ಅದಕ್ಕೆ ಅಂಟಿಕೊಂಡಿದೆ. 2012ರ ಫೆಬ್ರವರಿಯಲ್ಲಿ ಗ್ರೀಸ್‌ನಲ್ಲಿ ಇದು ಬಟ್ಟಬಯಲಾಯಿತು. ಸಾಲ ಕೊಟ್ಟವರ ಷರತ್ತಿನಂತೆ ಅಲ್ಲಿ ಕನಿಷ್ಠ ವೇತನವನ್ನು ಶೇ. 22ರಷ್ಟು ಇಳಿಸಿದರು. 25 ವರ್ಷಕ್ಕಿಂತ ಚಿಕ್ಕವರಿಗೆ ಶೇ. 32. ಅದರ ಹಿಂದೆಯೇ ನಿರುದ್ಯೋಗ ಭತ್ಯೆ ತಿಂಗಳಿಗೆ 461 ಯೂರೋದಿಂದ 360ಕ್ಕೆ ಇಳಿಯಿತು. ಎರಡೂ ಒಂದೇ ಹಗ್ಗಕ್ಕೆ ಕಟ್ಟಿದವು. ಅದಕ್ಕೇ ಕಾರ್ಮಿಕ ಸಂಘಗಳು ಭತ್ಯೆಯ ವಿಷಯ ಬಂದರೆ ಬೀದಿಗೆ ಇಳಿಯುತ್ತವೆ. ಅವರು ಕಾಯುತ್ತಿರುವುದು ತಮ್ಮ ಕೂಲಿಯನ್ನೂ ಹೌದು. ಅದನ್ನು ಸ್ವಾರ್ಥ ಅಂತ ಯಾರಾದರೂ ಅಂದರೆ ನಾನು ಜಗಳ ಆಡುವುದಿಲ್ಲ. ನ್ಯಾಯವಾದ ಸ್ವಾರ್ಥ ಅದು.

ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್, ಬೆಲ್ಜಿಯಂಗಳಲ್ಲಿ ಈ ನಂಟು ಇನ್ನೂ ಗಟ್ಟಿ. ಅಲ್ಲಿ ನಿರುದ್ಯೋಗ ವಿಮೆ ನಡೆಯುವುದು ಬಹುಮಟ್ಟಿಗೆ ಕಾರ್ಮಿಕ ಸಂಘಗಳ ಜೊತೆ ಸೇರಿಕೊಂಡು. ಭತ್ಯೆಗೆ ಕೈ ಹಾಕಿದರೆ ಸಂಘಕ್ಕೇ ಕೈ ಹಾಕಿದಂತೆ. 2007ರಲ್ಲಿ ಸ್ವೀಡನ್ನಿನ ಹೊಸ ಸರ್ಕಾರ ವಿಮಾ ನಿಧಿಯ ಸದಸ್ಯತ್ವದ ಶುಲ್ಕವನ್ನು ಜೋರಾಗಿ ಏರಿಸಿತು. ಮುಂದಿನ ಎರಡು ವರ್ಷದಲ್ಲಿ ಲಕ್ಷಾಂತರ ಜನ ನಿಧಿ ಬಿಟ್ಟರು. ಸಂಘಗಳ ಸದಸ್ಯತ್ವವೂ ಕುಸಿಯಿತು. ಶುಲ್ಕ ಜಾಸ್ತಿಯಾಗಿದ್ದು ಎಲ್ಲಿ ನಿರುದ್ಯೋಗ ಜಾಸ್ತಿಯೋ ಅಲ್ಲಿ. ಅಂದರೆ ಯಾರಿಗೆ ವಿಮೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರೇ ಅದನ್ನು ಬಿಡಬೇಕಾಗಿ ಬಂತು. ಇದನ್ನು ಓದಿದಾಗ ನನಗೆ ಆಗಿದ್ದ ಸಿಟ್ಟು ಇನ್ನೂ ಆರಿಲ್ಲ.

ಈಗ ‘ಸುಮ್ನೆ ಕೂತವರು’ ಎಂಬ ಮಾತಿಗೆ ಬರೋಣ.

ಇದರಲ್ಲಿ ಒಂದು ಸತ್ಯಾಂಶ ಇದೆ. ಭತ್ಯೆ ಹೆಚ್ಚು ದಿನ ಸಿಕ್ಕರೆ ಜನ ಸ್ವಲ್ಪ ಹೆಚ್ಚು ದಿನ ಕೆಲಸ ಹುಡುಕುತ್ತಾರೆ. ಬಹಳ ದೇಶಗಳ ಅಂಕಿಅಂಶ ಇದನ್ನು ತೋರಿಸಿದೆ. ಚರ್ಚೆಯಲ್ಲಿ ಇದನ್ನು ಅಲ್ಲಗಳೆಯಬೇಡಿ, ಸಿಕ್ಕಿಬೀಳುತ್ತೀರಿ. ಕೇಳಬೇಕಾದ್ದು ಬೇರೆ. ಆ ಹೆಚ್ಚಿನ ದಿನಗಳಲ್ಲಿ ಏನಾಗುತ್ತದೆ? ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ 2008ರಲ್ಲಿ ಇದನ್ನೇ ಬಿಡಿಸಿ ನೋಡಿದರು. ಹುಡುಕಾಟ ಉದ್ದವಾಗಲು ಅರ್ಧಕ್ಕಿಂತ ಜಾಸ್ತಿ ಕಾರಣ ಸೋಮಾರಿತನ ಅಲ್ಲ ಎಂಬುದು ಅವರಿಗೆ ಕಂಡದ್ದು. ಕೈಯಲ್ಲಿ ನಾಲ್ಕು ಕಾಸು ಇದ್ದದ್ದರಿಂದ ಜನ ಸಿಕ್ಕ ಮೊದಲ ಕೆಲಸಕ್ಕೆ ಬೀಳಲಿಲ್ಲ, ತಮಗೆ ಹೊಂದುವ ಕೆಲಸಕ್ಕೆ ಕಾದರು. ಉಳಿತಾಯ ಇರುವ ಮನೆಯವರು ಭತ್ಯೆ ಇಲ್ಲದೆಯೂ ಹೀಗೆ ಕಾಯುತ್ತಾರೆ. ಉಳಿತಾಯ ಇಲ್ಲದವರಿಗೆ ಆ ಅವಕಾಶ ಕೊಡುವುದು ಭತ್ಯೆ.

ಅಮೆರಿಕದಲ್ಲಿ 2021ರಲ್ಲಿ ಇದಕ್ಕೆ ಒಂದು ದೊಡ್ಡ ಪರೀಕ್ಷೆಯೇ ನಡೆಯಿತು. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ನಿರುದ್ಯೋಗಿಗಳಿಗೆ ವಾರಕ್ಕೆ 300 ಡಾಲರ್ ಹೆಚ್ಚುವರಿಯಾಗಿ ಕೊಡುತ್ತಿತ್ತು. ಅದು ಸೆಪ್ಟೆಂಬರ್‌ವರೆಗೆ ಇತ್ತು. ಸುಮಾರು ಅರ್ಧದಷ್ಟು ರಾಜ್ಯಗಳು ‘ಜನ ಕೆಲಸಕ್ಕೆ ಬರುತ್ತಿಲ್ಲ’ ಎಂದು ಜೂನ್‌ನಿಂದಲೇ ಅದನ್ನು ನಿಲ್ಲಿಸತೊಡಗಿದವು. ಉಳಿದ ರಾಜ್ಯಗಳು ಮುಂದುವರಿಸಿದವು. ಹೀಗಾಗಿ ಹೋಲಿಸಿ ನೋಡಲು ಬಂತು. ಬ್ಯಾಂಕ್ ಖಾತೆಗಳ ಲೆಕ್ಕ ಹಿಡಿದು ಅರ್ಥಶಾಸ್ತ್ರಜ್ಞರ ಒಂದು ತಂಡ ನೋಡಿತು. ನಿಲ್ಲಿಸಿದ ರಾಜ್ಯಗಳಲ್ಲಿ ಕೆಲಸಕ್ಕೆ ಸೇರಿದವರು ಹೆಚ್ಚಿದ್ದು ನಿಜ, ಆದರೆ ಭತ್ಯೆ ಕಳೆದುಕೊಂಡ ಎಂಟು ಜನರಲ್ಲಿ ಒಬ್ಬರು ಅನ್ನುವಷ್ಟು. ಸರಾಸರಿ ತೆಗೆದರೆ ಒಬ್ಬರು ವಾರಕ್ಕೆ 278 ಡಾಲರ್ ಭತ್ಯೆ ಕಳೆದುಕೊಂಡರು. ಗಳಿಕೆ ಹೆಚ್ಚಿದ್ದು 14 ಡಾಲರ್. ಅವರ ಖರ್ಚು 145 ಡಾಲರ್ ಇಳಿಯಿತು.

ಈ ಕೊನೆಯ ಅಂಕಿಯ ಮೇಲೆ ಬೆರಳಿಡಿ. ಒಬ್ಬರ ಖರ್ಚು ಅಂದರೆ ಇನ್ನೊಬ್ಬರ ವ್ಯಾಪಾರ. 145 ಡಾಲರ್ ಇಳಿದದ್ದು ಬಾಡಿಗೆಯಲ್ಲೋ, ದಿನಸಿಯಲ್ಲೋ, ಮಕ್ಕಳ ಬಟ್ಟೆಯಲ್ಲೋ. ಅಂಗಡಿಯವನ ಗಲ್ಲಾ ಖಾಲಿಯಾದರೆ ಅವನೂ ಒಬ್ಬ ಹುಡುಗನನ್ನು ಕೆಲಸದಿಂದ ತೆಗೆಯುತ್ತಾನೆ. ಮಂದಿ ಕೆಲಸ ಕಳೆದುಕೊಳ್ಳುವ ಕಾಲದಲ್ಲಿ ಭತ್ಯೆ ತಾನಾಗಿಯೇ ಹೆಚ್ಚುತ್ತದೆ, ಕಾಲ ಸುಧಾರಿಸಿದಾಗ ತಾನಾಗಿಯೇ ಇಳಿಯುತ್ತದೆ. ಅದಕ್ಕೆ ಹೊಸ ಕಾನೂನೂ ಬೇಡ, ಭಾಷಣವೂ ಬೇಡ. ಮುಳುಗುವ ಹೊತ್ತಿಗೆ ಸರಿಯಾಗಿ ಅದನ್ನು ಕತ್ತರಿಸುವುದು ಎಂಥ ಉಳಿತಾಯ ಹೇಳಿ.

ನಿಮ್ಮ ಮೂರನೆಯ ಪ್ರಶ್ನೆ ಕಷ್ಟದ್ದು: ದುಡ್ಡು ಎಲ್ಲಿಂದ? ‘ಶ್ರೀಮಂತರಿಗೆ ತೆರಿಗೆ ಹಾಕಿ’ ಅಂತ ಒಂದೇ ಮಾತಲ್ಲಿ ಮುಗಿಸುವವರನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಕೊಡಬೇಕು. ಮೊದಲು ಗಾತ್ರ ನೋಡಿ. ಶ್ರೀಮಂತ ದೇಶಗಳಲ್ಲಿ ಒಟ್ಟು ಸಾಮಾಜಿಕ ವೆಚ್ಚ ಸರಾಸರಿ ದೇಶದ ಉತ್ಪನ್ನದ ಐದನೇ ಒಂದು ಭಾಗ. ಅದರಲ್ಲಿ ಸಿಂಹಪಾಲು ಪಿಂಚಣಿ ಮತ್ತು ಆರೋಗ್ಯದ್ದು. ಸಾಮಾನ್ಯ ವರ್ಷಗಳಲ್ಲಿ ನಿರುದ್ಯೋಗ ಭತ್ಯೆ ಸರಾಸರಿ ದೇಶದ ಉತ್ಪನ್ನದ ಶೇ. 1ನ್ನೂ ಮುಟ್ಟುವುದಿಲ್ಲ. ಖಜಾನೆ ಬರಿದಾಗಲು ಇದು ಕಾರಣ ಅನ್ನುವವರಿಗೆ ಈ ಅಂಕಿ ತೋರಿಸಿ.

ಆಮೇಲೆ 1930ರ ಜರ್ಮನಿಯನ್ನು ನೆನಪಿಸಿ. 1927ರ ಕಾನೂನಿನಂತೆ ಅಲ್ಲಿ ಸಂಬಳದ ಶೇ. 3 ನಿರುದ್ಯೋಗ ವಿಮೆಗೆ ಹೋಗುತ್ತಿತ್ತು. ಅರ್ಧ ಮಾಲೀಕ, ಅರ್ಧ ಕಾರ್ಮಿಕ. ಮಂದಗತಿ ಬಂದಾಗ ಅದನ್ನು 3.5 ಮಾಡಿದರು, ಅದೂ ಸಾಲಲಿಲ್ಲ. ಆಗಿನ ಸಮ್ಮಿಶ್ರ ಸರ್ಕಾರದಲ್ಲಿದ್ದ ಎಡಪಂಥದ ಸೋಷಿಯಲ್ ಡೆಮಾಕ್ರಾಟರು 4 ಮಾಡೋಣ ಎಂದರು. ಉದ್ಯಮಿಗಳ ಕಡೆಗಿದ್ದ ಮಿತ್ರಪಕ್ಷ ಭತ್ಯೆ ಇಳಿಸೋಣ ಎಂದಿತು. ಮಾರ್ಚ್ 27ರಂದು ಹರ್ಮನ್ ಮ್ಯೂಲರ್ ಅವರ ಸಮ್ಮಿಶ್ರ ಸರ್ಕಾರ ಇದೇ ಜಗಳದಲ್ಲಿ ಬಿತ್ತು. ಅರ್ಧ ಶೇಕಡಾ! ವೈಮರ್ ಗಣರಾಜ್ಯದಲ್ಲಿ, ಅಂದರೆ ಹಿಟ್ಲರ್‌ಗೆ ಮುಂಚಿನ ಜರ್ಮನಿಯ ಪ್ರಜಾಪ್ರಭುತ್ವದಲ್ಲಿ, ಸಂಸತ್ತಿನ ಬಹುಮತ ಇದ್ದ ಕೊನೆಯ ಸರ್ಕಾರ ಅದು. ಆಮೇಲೆ ಬಂದ ಚಾನ್ಸಲರ್ ಬ್ರೂನಿಂಗ್ ತುರ್ತು ಆಜ್ಞೆಗಳಿಂದ ಆಳಿದರು. ಅದೇ ವರ್ಷ ವಂತಿಗೆ ಹೇಗೂ ಶೇ. 6.5ಕ್ಕೆ ಹೋಯಿತು. ಮುಂದೆ ಭತ್ಯೆಗೂ ಕತ್ತರಿ ಬಿತ್ತು. 1928ರಲ್ಲಿ 12 ಸ್ಥಾನ ಇದ್ದ ನಾಜಿ ಪಕ್ಷ 1930ರ ಸೆಪ್ಟೆಂಬರ್‌ನಲ್ಲಿ 107 ಗೆದ್ದಿತು. 1932ರ ಜುಲೈನಲ್ಲಿ 230.

ಭತ್ಯೆ ಕಡಿತದಿಂದಲೇ ಹಿಟ್ಲರ್ ಬಂದ ಅಂತ ಹೇಳುವುದು ಅತಿಯಾಯಿತು. ಅದಕ್ಕೆ ಹತ್ತಾರು ಕಾರಣ ಇವೆ. ಆದರೆ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಿಲ್ಲೆವಾರು ಲೆಕ್ಕ ತೆಗೆದು ತೋರಿಸಿದೆ: ಖರ್ಚಿನ ಕಡಿತ ಮತ್ತು ತೆರಿಗೆ ಏರಿಕೆ ಎಲ್ಲಿ ಹೆಚ್ಚು ತಟ್ಟಿತೋ ಅಲ್ಲಿ ನಾಜಿ ಪಕ್ಷಕ್ಕೆ ವೋಟು ಹೆಚ್ಚು. ಕಡಿತದಿಂದ ಉಳಿದ ಹಣವನ್ನು ಬಜೆಟ್ ಪುಸ್ತಕ ತೋರಿಸುತ್ತದೆ. ಅದರ ಬೆಲೆಯನ್ನು ತೋರಿಸುವ ಕಾಲಂ ಆ ಪುಸ್ತಕದಲ್ಲಿ ಇಲ್ಲ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಭತ್ಯೆ ಕತ್ತರಿಸಲು ‘ಶೇ. 10 ಇಳಿಸುತ್ತೇವೆ’ ಅಂತ ಘೋಷಿಸಬೇಕಾಗಿಲ್ಲ. ಹಾಗೆ ಘೋಷಿಸಿದ ಸರ್ಕಾರಗಳು ಪೆಟ್ಟು ತಿಂದಿವೆ. ಹಾಗಾಗಿ ಆಮೇಲೆ ಬಂದವರು ಬೇರೆ ದಾರಿ ಕಲಿತರು. ಅಮೆರಿಕದ ರಾಜ್ಯಶಾಸ್ತ್ರಜ್ಞ ಪಾಲ್ ಪಿಯರ್ಸನ್ 1990ರ ದಶಕದಲ್ಲಿ ಇದನ್ನು ಬಹಳ ಚೆನ್ನಾಗಿ ವಿವರಿಸಿದರು. ಸವಲತ್ತು ಕೊಡುವಾಗ ರಾಜಕಾರಣಿಗೆ ಹೆಸರು ಬೇಕು. ಕಿತ್ತುಕೊಳ್ಳುವಾಗ ಹೆಸರು ಬರದಿದ್ದರೆ ಸಾಕು.

ಮೊದಲ ದಾರಿ, ಏನೂ ಮಾಡದೆ ಇರುವುದು. ಬೆಲೆ ಏರುತ್ತದೆ, ಭತ್ಯೆ ಏರುವುದಿಲ್ಲ. ಬ್ರಿಟನ್ನಿನಲ್ಲಿ 25 ದಾಟಿದ ಒಬ್ಬ ನಿರುದ್ಯೋಗಿಗೆ 2015ರಲ್ಲಿ ವಾರಕ್ಕೆ 73 ಪೌಂಡ್ 10 ಪೆನ್ಸ್ ಸಿಗುತ್ತಿತ್ತು. 2020ರ ಮಾರ್ಚ್‌ನಲ್ಲೂ ಅಷ್ಟೇ. ಸರ್ಕಾರ ನಾಲ್ಕು ವರ್ಷ ಅದನ್ನು ಅಲ್ಲೇ ನಿಲ್ಲಿಸಿತ್ತು. ಅದಕ್ಕೂ ಮೊದಲಿನ ಮೂರು ವರ್ಷ ಏರಿಕೆಗೆ ಶೇ. 1ರ ಮಿತಿ ಇತ್ತು. ಯಾರ ಕೈಯಿಂದಲೂ ಒಂದು ಪೆನ್ನಿ ಕಿತ್ತುಕೊಂಡಿಲ್ಲ, ಕಾಗದದ ಮೇಲೆ. ಆದರೆ ಅದೇ 73 ಪೌಂಡಿಗೆ ಪ್ರತಿ ವರ್ಷ ಒಂದು ಸಾಮಾನು ಕಡಿಮೆ ಬಂತು. 1931ರಲ್ಲಿ ಶೇ. 10ಕ್ಕೆ ಒಂದು ಸರ್ಕಾರ ಬಿದ್ದಿತ್ತು. ಇಲ್ಲಿ ಅಂಥದ್ದೇನೂ ಆಗಲಿಲ್ಲ.

ಎರಡನೆಯದು ಅವಧಿ. ತಿಂಗಳ ಮೊತ್ತ ಮುಟ್ಟುವುದಿಲ್ಲ, ಎಷ್ಟು ತಿಂಗಳು ಅನ್ನುವುದನ್ನು ಇಳಿಸುತ್ತಾರೆ. ಇವತ್ತು ಭತ್ಯೆ ಪಡೆಯುತ್ತಿರುವವರಿಗೆ ತಕ್ಷಣ ಏನೂ ಅನ್ನಿಸುವುದಿಲ್ಲ. ಡೆನ್ಮಾರ್ಕ್ 2010ರಲ್ಲಿ ನಾಲ್ಕು ವರ್ಷದ ಅವಧಿಯನ್ನು ಎರಡಕ್ಕೆ ಇಳಿಸಿತು. ಪೆಟ್ಟು ಬಿದ್ದದ್ದು 2013ರಲ್ಲಿ, ಸಾವಿರಾರು ಜನ ಒಟ್ಟಿಗೆ ಭತ್ಯೆ ಕಳೆದುಕೊಂಡಾಗ. ಅಷ್ಟರಲ್ಲಿ ಕಾನೂನು ಮಾಡಿದ ಸರ್ಕಾರ ಹೋಗಿ ಇನ್ನೊಂದು ಬಂದಿತ್ತು. ಬೈಗುಳ ಬಿದ್ದದ್ದು ಹೊಸಬರಿಗೆ. ಅಮೆರಿಕದ ನಾರ್ತ್ ಕೆರೊಲಿನಾ 2013ರಲ್ಲಿ ಎರಡನ್ನೂ ಒಟ್ಟಿಗೆ ಮಾಡಿತು. ವಾರದ ಗರಿಷ್ಠ ಮೊತ್ತ 535 ಡಾಲರ್‌ನಿಂದ 350ಕ್ಕೆ, ಅವಧಿ 26 ವಾರದಿಂದ ಹೆಚ್ಚೆಂದರೆ 20ಕ್ಕೆ. ಅಲ್ಲಿ ಜನ ಸುಮ್ಮನಿರಲಿಲ್ಲ. ಪ್ರತಿ ಸೋಮವಾರ ರಾಲಿ ನಗರದ ಶಾಸನಸಭೆಯ ಒಳಗೆ ಹೋಗಿ ಕೂತು ಬಂಧನಕ್ಕೆ ಒಳಗಾದರು. ಪಾದ್ರಿಗಳು, ಶಿಕ್ಷಕರು, ಅಜ್ಜಿಯರು ಎಲ್ಲರೂ ಇದ್ದರು. ‘ಮಾರಲ್ ಮಂಡೇಸ್’ (ನೈತಿಕ ಸೋಮವಾರಗಳು) ಅಂತ ಅದು ಹೆಸರಾಯಿತು.

ಮೂರನೆಯದು ಷರತ್ತು. ವಾರಕ್ಕೆ ಇಷ್ಟು ಅರ್ಜಿ ಹಾಕಿರಬೇಕು, ಇಂಥ ಹೊತ್ತಿಗೆ ಹಾಜರಾಗಬೇಕು, ಒಂದು ಸಲ ತಪ್ಪಿದರೆ ಭತ್ಯೆ ಕಟ್. ನಿಯಮ ಬೇಡ ಅಂತ ನಾನು ಹೇಳುವುದಿಲ್ಲ. ಕೆಲಸ ಹುಡುಕಿ ಅನ್ನುವುದು ತಪ್ಪಲ್ಲ. ಆದರೆ ನಿಯಮದ ಗುರಿ ಕೆಲಸ ಕೊಡಿಸುವುದೋ, ಹೆಸರು ಹೊಡೆದುಹಾಕುವುದೋ ಅನ್ನುವುದು ಅದು ನಡೆಯುವ ರೀತಿಯಲ್ಲೇ ಗೊತ್ತಾಗುತ್ತದೆ. ಬಸ್ ತಪ್ಪಿ ಹತ್ತು ನಿಮಿಷ ತಡವಾದವರ ಒಂದು ತಿಂಗಳ ಊಟ ಕತ್ತರಿಸಿದರೆ ಯಾರಿಗೆ ಕೆಲಸ ಸಿಕ್ಕಿತು?

ವಿರೋಧ ಪಕ್ಷಗಳು ಈ ಮೂರೂ ಕಡೆ ಮಂಕಾಗುತ್ತವೆ. ಒಮ್ಮೊಮ್ಮೆ ಬೇಕೆಂದೇ. ‘ಸೋಮಾರಿಗಳ ಪಕ್ಷ’ ಅಂತ ಹೆಸರು ಬರುತ್ತದೆ ಎಂಬ ಹೆದರಿಕೆ. 2015ರ ಜುಲೈನಲ್ಲಿ ಬ್ರಿಟನ್ನಿನ ಲೇಬರ್ ನಾಯಕತ್ವ ತನ್ನ ಸಂಸದರಿಗೆ ಕಡಿತದ ಮಸೂದೆಯ ಮೇಲೆ ಮತ ಹಾಕದೆ ಸುಮ್ಮನಿರಿ ಎಂದಿತು. 48 ಮಂದಿ ಮಾತು ಮೀರಿ ವಿರುದ್ಧ ಮತ ಹಾಕಿದರು. ಅವರಲ್ಲಿ ಜೆರೆಮಿ ಕಾರ್ಬಿನ್ ಒಬ್ಬರು. ನಾಯಕತ್ವದ ಸ್ಪರ್ಧೆಯಲ್ಲಿದ್ದ ಬೇರೆ ಮೂವರು ಸುಮ್ಮನಿದ್ದರು. ಸೆಪ್ಟೆಂಬರ್‌ನಲ್ಲಿ ಪಕ್ಷದ ಸದಸ್ಯರು ಕಾರ್ಬಿನ್ ಅವರನ್ನು ನಾಯಕರನ್ನಾಗಿ ಆರಿಸಿದರು. ಅವರ ಮುಂದಿನ ರಾಜಕೀಯದ ಬಗ್ಗೆ ಏನೇ ಅಭಿಪ್ರಾಯ ಇರಲಿ, ಆ ಒಂದು ಮತ ಅವರಿಗೆ ದಾರಿ ತೆರೆಯಿತು ಎಂಬುದರಲ್ಲಿ ನನಗೆ ಅನುಮಾನ ಇಲ್ಲ.

ವಿರೋಧ ಗೆದ್ದ ಉದಾಹರಣೆಯೂ ನಿಮಗೆ ಬೇಕಲ್ಲ. ನನಗೆ ಬಹಳ ಇಷ್ಟವಾದದ್ದು 1935ರಲ್ಲಿ ಬ್ರಿಟನ್ನಿನ ಸೌತ್ ವೇಲ್ಸ್. ಕಲ್ಲಿದ್ದಲ ಗಣಿಗಳ ಸೀಮೆ. ವರ್ಷಗಟ್ಟಲೆ ಕೆಲಸ ಇಲ್ಲದ ಕಣಿವೆಗಳು. ಆ ಜನವರಿಯಲ್ಲಿ ದೇಶಕ್ಕೆಲ್ಲ ಒಂದೇ ದರ ಅಂತ ಹೊಸ ಮಂಡಳಿ ಭತ್ಯೆಯನ್ನು ಮತ್ತೆ ಲೆಕ್ಕ ಹಾಕಿತು. ಮನೆಯಲ್ಲಿ ಯಾರಿಗಾದರೂ ಚೂರು ಆದಾಯ ಇದ್ದರೆ ಅದನ್ನೂ ಕಳೆಯಿತು. ಬಹಳ ಮನೆಗಳಿಗೆ ಸ್ಥಳೀಯ ಸಮಿತಿಗಳು ಕೊಡುತ್ತಿದ್ದುದಕ್ಕಿಂತ ಕಡಿಮೆ ಬಂತು. ಫೆಬ್ರವರಿ 3, ಭಾನುವಾರ, ಆ ಕಣಿವೆಗಳಲ್ಲಿ ಲಕ್ಷಗಟ್ಟಲೆ ಜನ ಮೆರವಣಿಗೆ ಹೊರಟರು. ಚರ್ಚಿನವರು, ಅಂಗಡಿಯವರು, ಕೆಲಸದಲ್ಲಿ ಇದ್ದ ಗಣಿಗಾರರು, ಎಲ್ಲರೂ ನಡೆದರು. ಮಾರನೆಯ ದಿನ ಮರ್ತಿರ್ ಟಿಡ್‌ಫಿಲ್ ಪಟ್ಟಣದಲ್ಲಿ ಹೆಂಗಸರು ಮುಂದಾಗಿ ಮಂಡಳಿಯ ಕಚೇರಿಗೆ ನುಗ್ಗಿದರು. ಫೆಬ್ರವರಿ 5ರಂದು ಸರ್ಕಾರ ಹಿಂದೆ ಸರಿಯಿತು. ಹಳೆಯ ದರ, ಹೊಸ ದರ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಕೊಡುತ್ತೇವೆ ಎಂದಿತು.

ಅಲ್ಲಿ ಗೆದ್ದದ್ದು ಯಾಕೆ? ಕಡಿತ ಒಂದೇ ದಿನ, ಒಂದೇ ಊರಲ್ಲಿ, ಎಲ್ಲರ ಕೈಗೂ ಬಂದ ಲಕೋಟೆಯಲ್ಲಿ ಕಂಡಿತು. ಕೆಲಸ ಇದ್ದವನೂ ಇಲ್ಲದವನೂ ಒಂದೇ ಬೀದಿಯಲ್ಲಿದ್ದರು. ನಾಳೆ ನನ್ನ ಸರದಿ ಅಂತ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಕೋರ್ಟುಗಳೂ ಒಮ್ಮೊಮ್ಮೆ ಕೈ ಹಿಡಿದಿವೆ. ಪೋರ್ಚುಗಲ್‌ನಲ್ಲಿ 2013ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ನಿರುದ್ಯೋಗ ಭತ್ಯೆಯಿಂದ ಶೇ. 6 ಹಿಡಿಯುವ ನಿಯಮವನ್ನು ಹೊಡೆದುಹಾಕಿತು. ವಿರೋಧ ಪಕ್ಷದ ಸಂಸದರು ನ್ಯಾಯಾಲಯಕ್ಕೆ ಒಯ್ದ ಪ್ರಶ್ನೆಗಳಲ್ಲಿ ಅದೂ ಇತ್ತು. ಆಳುವ ಪಕ್ಷದ ಒಳಗಿನ ಬಂಡಾಯ ಇನ್ನೂ ಬೇಗ ಕೆಲಸ ಮಾಡುತ್ತದೆ. ಬ್ರಿಟನ್ನಿನಲ್ಲಿ 2025ರ ಜುಲೈ 1ರಂದು ಅಂಗವಿಕಲರ ಭತ್ಯೆಯ ಕಡಿತವನ್ನು ಮಸೂದೆಯಿಂದ ತೆಗೆಯುತ್ತೇವೆ ಎಂದು ಸರ್ಕಾರ ಮತದಾನಕ್ಕೆ ಸ್ವಲ್ಪ ಮುಂಚೆ ಹೇಳಬೇಕಾಯಿತು. ಅದಕ್ಕೆ ತಕರಾರು ಎತ್ತಿದ್ದು ಅದರದ್ದೇ ನೂರಕ್ಕೂ ಹೆಚ್ಚು ಸಂಸದರು.

ಕೊನೆಯದಾಗಿ, ಎದುರು ತಂಡ ನಿಮ್ಮ ಮೇಲೆ ಬಿಡುವ ದೊಡ್ಡ ಬಾಣ ಯಾವುದು ಗೊತ್ತಾ? ಜರ್ಮನಿಯ ‘ಹಾರ್ಟ್ಸ್ ನಾಲ್ಕು’. ಅದಕ್ಕೆ ತಯಾರಾಗಿ ಹೋಗಿ.

2005ರ ಜನವರಿ 1ರಿಂದ ಜಾರಿಗೆ ಬಂದ ಸುಧಾರಣೆ ಅದು. ಮಾಡಿದ್ದು ಸೋಷಿಯಲ್ ಡೆಮಾಕ್ರಾಟ್ ಪಕ್ಷದ್ದೇ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್. ಹಳೆಯ ಸಂಬಳಕ್ಕೆ ತಕ್ಕಂತೆ ದೀರ್ಘಕಾಲ ಸಿಗುತ್ತಿದ್ದ ನೆರವು ನಿಂತಿತು. ಬದಲಿಗೆ ಎಲ್ಲರಿಗೂ ಒಂದೇ ಮೂಲ ಮೊತ್ತ, ಪಶ್ಚಿಮದಲ್ಲಿ ತಿಂಗಳಿಗೆ 345 ಯೂರೋ, ಪೂರ್ವದಲ್ಲಿ 331. ಅದರ ಮೇಲೆ ಬಾಡಿಗೆ. 2004ರ ಬೇಸಿಗೆಯಲ್ಲಿ ಪೂರ್ವ ಜರ್ಮನಿಯ ಊರುಗಳಲ್ಲಿ ಪ್ರತಿ ಸೋಮವಾರ ಪ್ರತಿಭಟನೆ ನಡೆಯಿತು. 1989ರಲ್ಲಿ ಗೋಡೆ ಬೀಳಿಸಿದ ಮೆರವಣಿಗೆಗಳೂ ಸೋಮವಾರವೇ ನಡೆದಿದ್ದವು. ಆ ನೆನಪಿಗೆ. ಪಕ್ಷ ಒಡೆಯಿತು. ಹೊರಬಂದವರು ಮುಂದೆ ‘ಡೀ ಲಿಂಕೆ’ (ಎಡ) ಪಕ್ಷ ಕಟ್ಟುವುದರಲ್ಲಿ ಸೇರಿದರು. 2002ರಲ್ಲಿ ಶೇ. 38.5 ಮತ ಪಡೆದಿದ್ದ ಪಕ್ಷ 2009ರಲ್ಲಿ ಶೇ. 23ಕ್ಕೆ ಇಳಿಯಿತು.

ಎದುರು ತಂಡ ಹೇಳುತ್ತದೆ: ಆದರೆ ಕೆಲಸ ಮಾಡಿತಲ್ಲ! 2005ರ ಆರಂಭದಲ್ಲಿ 50 ಲಕ್ಷ ದಾಟಿದ್ದ ನಿರುದ್ಯೋಗಿಗಳು 2010ರ ನವೆಂಬರ್ ಹೊತ್ತಿಗೆ 30 ಲಕ್ಷಕ್ಕಿಂತ ಕೆಳಗೆ ಬಂದರು. ಈ ಅಂಕಿ ಸರಿ, ಒಪ್ಪಿಕೊಳ್ಳಿ. ಆಮೇಲೆ ಮೂರು ವಿಷಯ ಹೇಳಿ. ಒಂದು, ಆ ಇಳಿಕೆಯಲ್ಲಿ ಎಷ್ಟು ಪಾಲು ಈ ಕಾನೂನಿನದು, ಎಷ್ಟು ರಫ್ತಿನದು, ಎಷ್ಟು ಅದಕ್ಕೂ ಹತ್ತು ವರ್ಷ ಮುಂಚಿನಿಂದ ಸಂಘಗಳು ಒಪ್ಪಿಕೊಂಡು ಬಂದ ಕಡಿಮೆ ಕೂಲಿಯದು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲೇ ಒಮ್ಮತ ಇಲ್ಲ. ಎರಡು, ಕೆಳಗಿನ ಆಸರೆ ತೆಗೆದದ್ದು 2005ರಲ್ಲಿ. ದೇಶಕ್ಕೆಲ್ಲ ಒಂದು ಕನಿಷ್ಠ ವೇತನ ಬಂದದ್ದು 2015ರಲ್ಲಿ, ಗಂಟೆಗೆ 8.50 ಯೂರೋ. ನಡುವಿನ ಹತ್ತು ವರ್ಷ ಲಕ್ಷಾಂತರ ಜನ ಬಹಳ ಕಡಿಮೆ ಕೂಲಿಗೆ ದುಡಿದರು. ಮೂರು, ಆ ವ್ಯವಸ್ಥೆಯನ್ನು ಜರ್ಮನಿಯ ಸಂವಿಧಾನ ನ್ಯಾಯಾಲಯವೇ ಎರಡು ಸಲ ತಿದ್ದಿಸಿತು. 2010ರ ಫೆಬ್ರವರಿಯಲ್ಲಿ, ಮೊತ್ತ ಲೆಕ್ಕ ಹಾಕಿದ ರೀತಿ ಸರಿಯಿಲ್ಲ ಎಂದಿತು. 2019ರ ನವೆಂಬರ್‌ನಲ್ಲಿ, ಷರತ್ತು ಮುರಿದರು ಅಂತ ಶೇ. 30ಕ್ಕಿಂತ ಹೆಚ್ಚು ಕತ್ತರಿಸುವಂತಿಲ್ಲ ಎಂದಿತು. ಮನುಷ್ಯರ ಘನತೆ ಕಾಯುವುದು ಜರ್ಮನಿಯ ಸಂವಿಧಾನದ ಮೊದಲ ವಿಧಿ. ಬದುಕಲು ಬೇಕಾದ ಕನಿಷ್ಠ ನೆರವನ್ನು ಆ ವಿಧಿಯ ಮೇಲೆಯೇ ನ್ಯಾಯಾಲಯ ನಿಲ್ಲಿಸಿದೆ.

ಎದುರು ತಂಡದವರು ಯಾವುದಾದರೂ ಕಡಿತವನ್ನು ಉದಾಹರಣೆ ಕೊಟ್ಟರೆ ಅವರಿಗೆ ಮೂರು ಪ್ರಶ್ನೆ ಹಾಕಿ: ಮೊತ್ತ ಎಷ್ಟು ವರ್ಷದಿಂದ ಏರಿಲ್ಲ, ಎಷ್ಟು ವಾರ ಸಿಗುತ್ತದೆ, ಅರ್ಜಿ ಹಾಕಿದವರಲ್ಲಿ ಎಷ್ಟು ಜನರಿಗೆ ನಿಜವಾಗಿ ಸಿಗುತ್ತದೆ. ಈ ಮೂರಕ್ಕೂ ಉತ್ತರ ಇಟ್ಟುಕೊಂಡು ಬರುವವರು ಕಡಿಮೆ. ನೀವು ಇಟ್ಟುಕೊಂಡು ಹೋಗಿ. ಆಮೇಲೂ ನಿಮಗೆ ನಂಬಿಕೆ ಬರದಿದ್ದರೆ ನನಗೆ ಮತ್ತೆ ಬರೆಯಿರಿ, ಯಾವ ಮಾತು ಸಿಕ್ಕಿಕೊಂಡಿತು ಅಂತ. ಅಲ್ಲಿಂದ ಮುಂದುವರಿಸೋಣ.